ಹನ್ನೊಂದು ಹೆಸರಿನ ಚೀಟಿ

ಫೆಬ್ರವರಿ ೧೨, ಗುರುವಾರ
ಅಂಗಡಿಯಿಂದ, ಊಟದ ವಿರಾಮದಲ್ಲಿ

ಪ್ರೀತಿಯ ಗೂಟಾ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಬೆಳಗ್ಗೆ ಟಿ.ವಿ.ಯಲ್ಲಿ ನೋಡಿದೆ, ನೀನು ನೀರಿನ ಬಾಟಲಿಗಳನ್ನು ಹಿಡಿದು ಮೈದಾನದೊಳಕ್ಕೆ ಓಡುತ್ತಿದ್ದೆ. ಓಟ ಚೆನ್ನಾಗಿಯೇ ಇತ್ತು. ನಾವೂ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ನಿನ್ನ ಭಾವನಿಗೆ ಕ್ರಿಕೆಟ್ ಇನ್ನೂ ಅರ್ಥವಾಗಿಲ್ಲ. ಮೂರು ವಾರದಿಂದ ಬರೆಯುತ್ತೇನೆ ಬರೆಯುತ್ತೇನೆ ಅಂತ ದಿನ ದೂಡಿದ್ದು ನನ್ನ ತಪ್ಪು. ಈ ಕಾಗದದಲ್ಲಿ ನಾನು ಒಪ್ಪಿಕೊಳ್ಳುವ ತಪ್ಪು ಅದೊಂದೇ, ಮೊದಲೇ ಹೇಳಿಬಿಡುತ್ತೇನೆ.

ಫೋನಿನ ದಾರಿಯನ್ನು ನೀನೇ ಮುಚ್ಚಿದ್ದೀಯ. "ನಿಂಗೆ ಹೊಟ್ಟೆಕಿಚ್ಚು ಅಕ್ಕ. ನಾನು ಆಡೋದು ನಿಂಗೆ ಯಾವತ್ತೂ ಸಹಿಸ್ಲಿಲ್ಲ" ಅಂದು ಪಟ್ಟಂತ ಇಟ್ಟೆ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅದಕ್ಕೇ ಕಾಗದ. ಇದರಲ್ಲಿ ಒಂದು ಅನುಕೂಲವಿದೆ, ಮಧ್ಯೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ನಡೆದದ್ದು ನಿನಗೆ ಗೊತ್ತಿರುವುದೇ, ಆದರೂ ನನ್ನ ಬಾಯಲ್ಲಿ ಒಮ್ಮೆ ಕೇಳು. ಪ್ರತಿ ಟೆಸ್ಟಿಗೂ ಮುಂಚೆ ನಮ್ಮ ಬ್ಯಾಟು ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತು ಆಟ ನೋಡುವವರೆಲ್ಲ ತಮಗೆ ಸರಿ ಕಂಡ ಹನ್ನೊಂದು ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿನ ಖಾಲಿ ಡಬ್ಬಿಗೆ ಹಾಕಬೇಕು. ಟಾಸ್ ಆದ ಮೇಲೆ ಡಬ್ಬಿ ತೆರೆಯುವುದು. ಯಾರ ಚೀಟಿಯಲ್ಲಿ ತಪ್ಪು ಹೆಚ್ಚೋ ಅವರು ಐದು ದಿನವೂ ಅಂಗಡಿಯ ಮರದ ಹೊಟ್ಟು ಗುಡಿಸಬೇಕು. ಅಪ್ಪ ಶುರುಮಾಡಿದ ಪದ್ಧತಿ. ಚೀಟಿಯಲ್ಲಿ ಬರೆದವರ ಹೆಸರಿರುವುದಿಲ್ಲ, ಆದರೆ ಇಪ್ಪತ್ತು ವರ್ಷ ನೋಡಿದ ಕೈಬರಹ ಯಾರಿಗೆ ಗೊತ್ತಾಗುವುದಿಲ್ಲ ಹೇಳು. ಹೋದ ಟೆಸ್ಟಿಗೆ ನನ್ನ ಚೀಟಿಯಲ್ಲಿ ನಿನ್ನ ಹೆಸರಿರಲಿಲ್ಲ. ಅವತ್ತೇ ತನ್ನ ಬ್ಯಾಟಿಗೆ ಹಿಡಿಕೆ ಹಾಕಿಸಲು ಬಂದಿದ್ದ ಪತ್ರಿಕೆಯವನು ಬೆಂಚಿನ ತುದಿಯಲ್ಲಿ ಕೂತು ಹಲ್ಲು ಕಿರಿಯುತ್ತಿದ್ದ. ಮರುದಿನ ಆಟದ ಪುಟದ ಮೂಲೆಯಲ್ಲಿ ಬಂತು, ಸ್ವಂತ ಅಕ್ಕನ ತಂಡದಲ್ಲೂ ಆರಂಭಿಕನಿಗೆ ಜಾಗವಿಲ್ಲ ಅಂತ. ನೀನು ಒಂದು ಇನ್ನಿಂಗ್ಸಿನಲ್ಲಿ ನಾಲ್ಕು, ಇನ್ನೊಂದರಲ್ಲಿ ಸೊನ್ನೆ ಮಾಡಿದೆ. ಈ ಟೆಸ್ಟಿಗೆ ಹನ್ನೊಂದರಿಂದ ನಿನ್ನನ್ನು ಕೈಬಿಡುತ್ತಾರೆ ಅಂತ ಆಗಲೇ ಮಾತೆದ್ದಿತು. ಈ ಮೂರನ್ನೂ ಒಂದೇ ಗಂಟು ಕಟ್ಟಿ ನೀನು ನನ್ನ ತಲೆಗೆ ಹೊರಿಸಿದೆ. ಆಯ್ಕೆ ಮಾಡುವವರು ನನ್ನ ಅಂಟಿನ ಡಬ್ಬಿ ನೋಡಿಕೊಂಡು ತಂಡ ಕಟ್ಟುತ್ತಾರೆ ಅಂತ ನೀನು ನಂಬಿದ್ದರೆ, ಆ ಗೌರವ ನನಗೆ ಸ್ವಲ್ಪ ಹೆಚ್ಚಾಯಿತು.

ಈ ಸಲವೂ ನಿನ್ನ ಹೆಸರು ಬರೆದಿಲ್ಲ. ಬೆಳಗ್ಗೆ ಡಬ್ಬಿ ತೆರೆಯುವಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನೋಡಲಿ ಬಿಡು. ಹನ್ನೊಂದರಲ್ಲಿ ಹತ್ತು ಸರಿ ಇತ್ತು ನನ್ನದು. ನಮ್ಮ ಗಣಿತದ ಮೇಷ್ಟ್ರು ನಿನ್ನನ್ನೂ ಸೇರಿಸಿ ನಾಲ್ಕು ತಪ್ಪು ಮಾಡಿ, ಈಗ ಪಂಚೆ ಮೇಲಕ್ಕೆ ಕಟ್ಟಿ ಪೊರಕೆ ಹಿಡಿದಿದ್ದಾರೆ. "ಸಂಖ್ಯಾಶಾಸ್ತ್ರದ ಪ್ರಕಾರ ನಿನ್ ತಮ್ಮ ಇರ್ಲೇಬೇಕಿತ್ತಮ್ಮಾ" ಅನ್ನುತ್ತಾ ಗುಡಿಸುತ್ತಿದ್ದಾರೆ. ನಿನ್ನ ಪರವಾಗಿ ಕಸ ಗುಡಿಸುವ ಒಬ್ಬರಾದರೂ ಇದ್ದಾರೆ ಅಂತ ತಿಳಿದುಕೋ.

ನಿಮ್ಮ ಕ್ಯಾಪ್ಟನ್ ಟಾಸ್ ಗೆದ್ದು ಬೌಲಿಂಗ್ ತೆಗೆದುಕೊಂಡದ್ದಕ್ಕೆ ಇಲ್ಲಿ ದೊಡ್ಡ ಜಗಳ. ನಾಲ್ಕು ಜನ ವೇಗದವರು, ಸ್ಪಿನ್ನರ್ ಒಬ್ಬನೇ. "ಪಿಚ್ ಮೇಲೆ ಹುಲ್ಲು ಕಂಡಿದ್ದೇ ತಡ, ಮೇಯೋಕೆ ಹೋಗ್ಬಿಟ್ಟ" ಅಂದ ಬಸ್ ಡ್ರೈವರ್. ಅವನಿಗೆ ಈ ವಾರ ಸಂಜೆಯ ಪಾಳಿ, ಬೆಳಗ್ಗೆಯಿಂದ ಇಲ್ಲೇ. ಊಟದ ಹೊತ್ತಿಗೆ ಎದುರಾಳಿಗಳು ಒಂದು ವಿಕೆಟ್ಟಿಗೆ ತೊಂಬತ್ತೆಂಟು. ಸದ್ಯಕ್ಕೆ ಡ್ರೈವರನದೇ ಗೆಲುವು.

ಫೆಬ್ರವರಿ ೧೩, ಶುಕ್ರವಾರ
ಚಹಾ ವಿರಾಮ

ಎದುರಾಳಿಗಳು ನಾನೂರ ಅರವತ್ತೆರಡು ಹೊಡೆದರು. ಎರಡನೇ ಸ್ಪಿನ್ನರ್ ಇಲ್ಲದೆ ನಮ್ಮವರು ಕೈ ಕೈ ಹಿಸುಕಿಕೊಂಡರು. ಮಹಡಿಯ ಮೇಲಿನ ಹಲ್ಲಿನ ಡಾಕ್ಟರು ಕುರ್ಚಿಯಲ್ಲಿ ಒಬ್ಬರ ಬಾಯಿಗೆ ಹತ್ತಿ ತುರುಕಿ, ಮರಗಟ್ಟುವಷ್ಟರಲ್ಲಿ ಬಂದೆ ಅಂತ ಹೇಳಿ ಕೆಳಗಿಳಿಯುತ್ತಾರೆ. ಮೂರು ಓವರ್ ನೋಡಿ ಮೇಲೆ ಹತ್ತುತ್ತಾರೆ. ಈ ಸರಣಿ ಮುಗಿಯುವಷ್ಟರಲ್ಲಿ ಊರಿನ ಅರ್ಧ ಜನರ ತಪ್ಪು ಹಲ್ಲು ಕಿತ್ತಿರುತ್ತಾರೆ.

ಇವತ್ತು ಡ್ರೈವರ್ ನನ್ನನ್ನು ಕೆಣಕಿದ. "ಅಕ್ಕಾ, ಇಲ್ಲಿ ಕೂತು ಅವನ್ನ ತೆಗಿ ಇವನ್ನ ಹಾಕು ಅನ್ನೋದು ಸುಲಭ. ಒಳಗೆ ನಿಂತು ಆಡೋರ ಕಷ್ಟ ನಮಗೇನು ಗೊತ್ತು" ಅಂದ. ನಾನು ಒಂದು ಬ್ಯಾಟಿನ ಬಿರುಕಿಗೆ ಅಂಟು ಬಿಟ್ಟು ಬಿಗಿ ಹಾಕುತ್ತಿದ್ದೆ, ತಲೆ ಎತ್ತಲಿಲ್ಲ. ಮೇಷ್ಟ್ರೇ ಪೊರಕೆ ಗೋಡೆಗೆ ಆನಿಸಿ ಹೇಳಿದರು. "ನೀನು ಈ ಊರಿಗೆ ಬರೋಕೆ ಮುಂಚಿನ ಮಾತು ಕಣಯ್ಯ. ಇವಳು ಹತ್ತೊಂಬತ್ತನೇ ವಯಸ್ಸಲ್ಲಿ ವಿಶ್ವವಿದ್ಯಾಲಯದ ಫೈನಲ್ಲಲ್ಲಿ ಮುನ್ನೂರ ಹನ್ನೊಂದು ಬಾಲ್ ಆಡಿದ್ದು ನಾನು ಸ್ಕೋರ್ ಪುಸ್ತಕದಲ್ಲಿ ಬರೆದಿದೀನಿ. ಆಗ ಇವಳ ತಮ್ಮ ಬೌಂಡರಿ ಆಚೆ ಹೋದ ಬಾಲ್ ಹೆಕ್ಕಿ ಕೊಡ್ತಿದ್ದ."

ಆ ವರ್ಷವೇ ಅಪ್ಪನ ಕೈ ನಡುಗಲು ಶುರುವಾದದ್ದು, ಅಪ್ಪ ನನ್ನನ್ನು ಈ ಬೆಂಚಿಗೆ ಕರೆದು "ಸಾಕು ಮಗಾ, ಇನ್ನು ಅಂಗಡಿ ನೋಡ್ಕೋ" ಅಂದದ್ದು, ನಿನಗೆ ನನ್ನ ಪ್ಯಾಡು ಕೊಟ್ಟದ್ದು, ಎಲ್ಲ ನಿನಗೆ ಗೊತ್ತು. ಅದನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತಿ ಆಡಿಲ್ಲ. ಈಗಲೂ ಅದಕ್ಕಾಗಿ ಬರೆಯುತ್ತಿಲ್ಲ.

ನಿನ್ನನ್ನು ಯಾಕೆ ಬಿಟ್ಟೆ ಅನ್ನುವುದಕ್ಕೆ ನಿನ್ನ ಬ್ಯಾಟೇ ಸಾಕ್ಷಿ. ಹೋದ ಟೆಸ್ಟಿಗೆ ಹತ್ತು ದಿನ ಮುಂಚೆ ಅಂಚು ಸರಿ ಮಾಡಿಸಲು ಕಳಿಸಿದ್ದೆಯಲ್ಲ, ಅದು. ಬ್ಯಾಟು ಬಂದರೆ ನಾನು ಮೊದಲು ಅಂಚು ನೋಡುವುದಿಲ್ಲ, ಚೆಂಡಿನ ಕೆಂಪು ಗುರುತು ಎಲ್ಲಿ ಬಿದ್ದಿದೆ ಅಂತ ನೋಡುತ್ತೇನೆ. ನಿನ್ನ ಗುರುತು ಯಾವಾಗಲೂ ನಡುವೆ, ಅಂಗೈಯಗಲದ ಜಾಗದಲ್ಲಿ ಒಂದರ ಮೇಲೊಂದು ಇರುತ್ತಿತ್ತು. ಆ ಸಲ ಕೆಳಗೆ, ಬಲಕ್ಕೆ, ಎಲ್ಲವೂ ಓರೆ. ಆಮೇಲೆ ಹಿಡಿಕೆಯ ರಬ್ಬರು. ಕೆಳಗೈ ಹಿಡಿಯುವ ಕಡೆ ಸವೆದು ಒಳಗಿನ ದಾರ ಕಾಣುತ್ತಿತ್ತು, ಮೇಲ್ಗೈ, ಅಂದರೆ ನಿನ್ನ ಎಡಗೈ, ಹಿಡಿಯುವ ಕಡೆ ಅಂಗಡಿಯಿಂದ ತಂದಷ್ಟು ಹೊಸದು. ಎಡಗೈಯ ಕೊನೆಯ ಎರಡು ಬೆರಳು ಹಿಡಿಯುತ್ತಲೇ ಇಲ್ಲ ಅನ್ನುವುದು ಅಷ್ಟರಲ್ಲೇ ತಿಳಿಯಿತು. ಮೇಲ್ಗೈ ಹಿಡಿಯದ ಆರಂಭಿಕನನ್ನು ಹೊಸ ಚೆಂಡಿನ ಮುಂದೆ ನಿಲ್ಲಿಸಬಾರದು. ಅವನು ನನ್ನ ತಮ್ಮನಾದರೂ ಅಷ್ಟೇ, ಯಾರಾದರೂ ಅಷ್ಟೇ.

ಇದನ್ನು ಫೋನಿನಲ್ಲಿ ಹೇಳಿದಾಗ ನೀನು ಕೇಳಿದ್ದು ಒಂದೇ ಮಾತು. "ಹತ್ತು ದಿನ ಮುಂಚೆ ಗೊತ್ತಿದ್ರೆ ನಂಗ್ಯಾಕೆ ಹೇಳ್ಲಿಲ್ಲ?" ಅಂತ. ಅದರ ಹಿಂದೆಯೇ ಹೊಟ್ಟೆಕಿಚ್ಚಿನ ಮಾತು. ನನ್ನ ಉತ್ತರ ಇಲ್ಲಿದೆ. ಬೆರಳು ನಿನ್ನದು. ನೋವು ನಿನ್ನದು. ಟೇಪು ಸುತ್ತಿಕೊಂಡು ತಂಡದ ಡಾಕ್ಟರಿಂದ ಮುಚ್ಚಿಟ್ಟವನು ನೀನು. ಹೇಳಬೇಕಾದವನು ಬಾಯಿ ಮುಚ್ಚಿಕೊಂಡಿರುವಾಗ ಬ್ಯಾಟು ರಿಪೇರಿ ಮಾಡುವವಳನ್ನು ಯಾಕೆ ಕಟಕಟೆಯಲ್ಲಿ ನಿಲ್ಲಿಸುತ್ತೀಯ? ಚೀಟಿಗೆ ನಾನು ಕ್ಷಮೆ ಕೇಳುವುದಿಲ್ಲ. ಆ ಬ್ಯಾಟು ಇವತ್ತು ಮತ್ತೆ ಬಂದರೆ ನಾಳೆ ಮತ್ತೆ ಅದೇ ಚೀಟಿ ಬರೆಯುತ್ತೇನೆ.

ಫೆಬ್ರವರಿ ೧೪, ಶನಿವಾರ
ಆಟ ಮುಗಿದ ಮೇಲೆ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ನಮ್ಮವರು ಇನ್ನೂರ ಮೂವತ್ತೆಂಟಕ್ಕೆ ಮುಗಿದರು. ಎದುರಾಳಿಗಳು ನಮ್ಮನ್ನೇ ಮತ್ತೆ ಆಡಿಸಬಹುದಿತ್ತು, ಆಡಿಸದೆ ತಾವೇ ಬ್ಯಾಟಿಂಗಿಗೆ ಇಳಿದರು. ಅದು ಹೇಡಿತನ ಅಂತ ಡ್ರೈವರ್, ಬೌಲರುಗಳಿಗೆ ವಿಶ್ರಾಂತಿ ಬೇಕು ಅಂತ ಡಾಕ್ಟರು. ಇಬ್ಬರೂ ಎದ್ದು ನಿಂತು ವಾದ ಮಾಡುತ್ತಿದ್ದಾಗಲೇ ನಿಮ್ಮ ಆರಂಭಿಕ, ನಿನ್ನ ಜಾಗಕ್ಕೆ ಬಂದ ಹುಡುಗ, ಬ್ಯಾಟಿಗೆ ಹತ್ತಿರ ಫೀಲ್ಡಿಂಗಿಗೆ ನಿಂತಿದ್ದವನು, ಚೆಂಡನ್ನು ಹೆಲ್ಮೆಟ್ಟಿಗೆ ತಿಂದು ಕೂತುಬಿಟ್ಟ. ಆಮೇಲೆ ಎದ್ದ, ಮತ್ತೆ ಕೂತ. ಡ್ರೈವರ್, ಡಾಕ್ಟರು ಇಬ್ಬರೂ ವಾದ ಬಿಟ್ಟು ಟಿ.ವಿ. ಹತ್ತಿರ ಹೋದರು. ಅವನು ನಡೆದುಕೊಂಡೇ ಹೊರಗೆ ಹೋದದ್ದು ನೋಡಿ ಎಲ್ಲರೂ ಉಸಿರು ಬಿಟ್ಟರು.

ಒಂದು ಗಂಟೆಯ ಮೇಲೆ ಟಿ.ವಿ.ಯಲ್ಲಿ ಬಂತು. ತಲೆಗೆ ಏಟು ಬಿದ್ದವನ ಬದಲಿಗೆ ಅವನಂಥದೇ ಆಟಗಾರ ಬರಬಹುದು ಅನ್ನುವ ನಿಯಮದಲ್ಲಿ ನಿನ್ನನ್ನು ಸೇರಿಸಿಕೊಂಡಿದ್ದಾರೆ, ನಾಳೆ ನೀನು ಬ್ಯಾಟಿಂಗಿಗೆ ಬರುತ್ತೀಯ. ಮೇಷ್ಟ್ರು ಪೊರಕೆಯನ್ನು ಡ್ರೈವರನ ಕೈಗೆ ಕೊಟ್ಟರು. "ನನ್ ಚೀಟೀಲಿ ಒಂದು ತಪ್ಪು ಕಮ್ಮಿ ಆಯ್ತು. ಈಗ ನಮ್ಮಿಬ್ಬರದೂ ಮೂರು ಮೂರು. ಪಾಳಿ ಹಾಕ್ಕೊಂಡು ಗುಡಿಸೋಣ" ಅಂದರು. ಅದು ಟಾಸ್ ಹೊತ್ತಿನ ಲೆಕ್ಕ, ಆಮೇಲಿನದು ನಡೆಯೋದಿಲ್ಲ ಅಂತ ಡ್ರೈವರ್. ಅವನು ಪಾಳಿಗೆ ಹೊರಡುವವರೆಗೂ ಅದೇ ಜಗಳ.

ಅಮ್ಮನಿಗೆ ಹೇಳಿದೆ. "ಬೆರಳು ವಾಸಿಯಾಗಿದ್ಯಂತಾ?" ಅಂದಳು. ನನಗೆ ಗೊತ್ತಿಲ್ಲ ಅಂದೆ. "ಒಬ್ಬನೇ ತಮ್ಮ. ನಿಂಗ್ ಗೊತ್ತಿಲ್ಲ" ಅಂದು ಗೋಡೆ ಕಡೆ ಮುಖ ತಿರುಗಿಸಿ ಮಲಗಿದಳು. ನಿನಗೆ ಅವಳೂ ಫೋನ್ ಮಾಡುತ್ತಿಲ್ಲ, ಗಮನಿಸಿದ್ದೀಯಾ? ನಾವಿಬ್ಬರೂ ಮಾತಾಡುವವರೆಗೆ ತಾನಾಗಿ ನಿನಗೆ ಮಾಡುವುದಿಲ್ಲ ಅಂತ ಅವಳ ಹಟ. ನಾವಿಬ್ಬರೂ ಯಾರ ಮಕ್ಕಳು ಅನ್ನುವುದಕ್ಕೆ ಬೇರೆ ಪುರಾವೆ ಬೇಡ.

ಫೆಬ್ರವರಿ ೧೫, ಭಾನುವಾರ

ನಾನೂರ ಹದಿನೈದು ಹೊಡೆಯಬೇಕು, ಇಲ್ಲವೇ ನಾಳೆ ಸಂಜೆಯವರೆಗೆ ನಿಲ್ಲಬೇಕು. ನಿನ್ನನ್ನು ಆರಂಭಕ್ಕೇ ಕಳಿಸಬೇಕೋ, ಆರನೆಯವನಾಗಿ ಕಳಿಸಬೇಕೋ ಅಂತ ಇಲ್ಲಿ ಊಟ ಮರೆತು ವಾದ. "ಮೂರು ವಾರದಿಂದ ಬ್ಯಾಟ್ ಮುಟ್ಟಿಲ್ಲ, ಅವನ್ನ ಕೆಳಗಿಡಿ. ಬೀಸೋ ಒಬ್ಬನ್ನ ಮೇಲೆ ಕಳ್ಸಿ, ಗುರಿ ಬೆನ್ನಟ್ಟೋಣ" ಅಂದ ಡ್ರೈವರ್. "ಬೆನ್ನಟ್ಟೋಕೆ ಇದೇನು ನಿನ್ ಬಸ್ಸಾ? ಗೂಟ ಬೇಕು ಈಗ, ಗೂಟ" ಅಂದರು ಮೇಷ್ಟ್ರು. ಡಾಕ್ಟರು ನನ್ನನ್ನು ಕೇಳಿದರು. ನಿನ್ನ ಬೆರಳು ಸರಿಯಾಗಿದ್ದರೆ ನಿನಗಿಂತ ಒಳ್ಳೆಯ ಆರಂಭಿಕ ಆ ತಂಡದಲ್ಲಿಲ್ಲ ಅಂದೆ. ಎಲ್ಲರೂ ತಿರುಗಿ ನೋಡಿದರು. ನೋಡುವಂಥದ್ದೇನಿತ್ತು? ನಾನು ನಿನ್ನ ಆಟವನ್ನು ಕೆಟ್ಟದ್ದು ಅಂತ ಯಾವತ್ತು ಹೇಳಿದ್ದೇನೆ?

ಚಹಾ ಆದ ಮೇಲೆ ನೀನು ಇಳಿದೆ. ನಮ್ಮ ರೇಡಿಯೋ ಟಿ.ವಿ.ಗಿಂತ ನಾಲ್ಕು ಸೆಕೆಂಡು ಮುಂದೆ ಹೇಳಿಬಿಡುತ್ತದೆ. ಬೇರೆ ದಿನ ಅದೇ ಒಂದು ತಮಾಷೆ, ಔಟಾಗುವುದು ಮೊದಲೇ ತಿಳಿದು ಡಾಕ್ಟರು ಭವಿಷ್ಯ ನುಡಿಯುತ್ತಾರೆ. ಇವತ್ತು ನಾನು ರೇಡಿಯೋ ಆರಿಸಿ ಬೆಂಚಿನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

ಮೊದಲ ಚೆಂಡಿಗೆ ನಿನ್ನ ಕೈ ನೋಡಿದೆ, ಚೆಂಡು ನೋಡಲಿಲ್ಲ. ಎಡಗೈಯ ಐದೂ ಬೆರಳು ಹಿಡಿಕೆಯ ಮೇಲಿದ್ದವು. ಸಂಜೆಯ ಹೊತ್ತಿಗೆ ಎಪ್ಪತ್ತೆರಡು ಚೆಂಡಿಗೆ ಹನ್ನೊಂದು. ಆಚೆ ಎರಡು ವಿಕೆಟ್ ಬಿದ್ದವು. ನಿನ್ನ ಭಾವ ಬಂದು "ಹನ್ನೊಂದೇನಾ? ಇಷ್ಟ್ ಹೊತ್ತು ಏನ್ ಮಾಡ್ತಿದ್ದ?" ಅಂತ ಕೇಳಿ, ಮೂವರ ಕೈಲೂ ಬೈಸಿಕೊಂಡು ಹೋದರು.

ಫೆಬ್ರವರಿ ೧೬, ಸೋಮವಾರ
ಚಹಾ ವಿರಾಮ

ನೀನು ಇನ್ನೂ ಇದ್ದೀಯ. ಇನ್ನೂರ ಹನ್ನೆರಡು ಚೆಂಡು, ಮೂವತ್ತೆಂಟು ರನ್ನು. ಏಳು ವಿಕೆಟ್ ಹೋಗಿವೆ, ಇನ್ನು ಎರಡು ಗಂಟೆ ಆಟ ಇದೆ. ಊಟಕ್ಕೆ ಮುಂಚೆ ಡ್ರೈವರ್ ನಿನ್ನನ್ನು ಆಮೆ ಅಂದ, ಊಟದ ಮೇಲೆ ಕಲ್ಲುಗುಂಡು ಅಂದ, ಈಗ ಪಾಳಿಗೆ ಬೇರೆಯವನನ್ನು ಕಳಿಸಿ ಉಗುರು ಕಚ್ಚುತ್ತಾ ಕೂತಿದ್ದಾನೆ. ಮೇಲೆ ಡಾಕ್ಟರ ಬಾಗಿಲಿಗೆ ಬೀಗ. ಮೇಷ್ಟ್ರು ಮಾತ್ರ ಒಂದೊಂದು ಚೆಂಡನ್ನೂ ಪುಸ್ತಕದಲ್ಲಿ ಚುಕ್ಕಿ ಇಟ್ಟು ಬರೆಯುತ್ತಿದ್ದಾರೆ. ಪುಟದ ತುಂಬ ಚುಕ್ಕಿಗಳೇ.

ಈ ಕಾಗದವನ್ನು ಈಗಲೇ ಹಾಕುತ್ತಿದ್ದೇನೆ. ಮೂರು ಗಂಟೆಗೆ ಎದುರಿನ ಅಂಚೆಪೆಟ್ಟಿಗೆ ತೆಗೆಯುತ್ತಾರೆ. ಸಂಜೆಯವರೆಗೆ ಕಾದು ನಾಳೆ ಹಾಕಿದರೆ, ನೀನು ಉಳಿಸಿಕೊಟ್ಟಿದ್ದರೆ ಅಕ್ಕ ಹೊಗಳಲು ಬರೆದಳು ಅನ್ನುತ್ತೀಯ, ಸೋತಿದ್ದರೆ ಕನಿಕರಕ್ಕೆ ಬರೆದಳು ಅನ್ನುತ್ತೀಯ. ಎರಡೂ ಬೇಡ. ಏನಾಗುತ್ತದೆ ಅಂತ ನನಗೆ ಗೊತ್ತಿಲ್ಲದಿರುವಾಗ ಬರೆದದ್ದು ಇದು, ಅಂಚೆಯ ಮುದ್ರೆ ನೋಡಿಕೋ.

ನಿನ್ನ ಜಾಗ ನಿನ್ನದೇ. ಮುಂದಿನ ಟೆಸ್ಟಿನ ಚೀಟಿಯಲ್ಲಿ ನಿನ್ನ ಹೆಸರನ್ನು ಮೊದಲು ಬರೆಯುತ್ತೇನೆ. ನೀನು ಮಾತಾಡಿದರೂ ಬರೆಯುತ್ತೇನೆ, ಮಾತಾಡದಿದ್ದರೂ ಬರೆಯುತ್ತೇನೆ, ಅದು ಆಟದ ಮಾತು. ಅಮ್ಮನಿಗೆ ಮಾತ್ರ ಫೋನ್ ಮಾಡು. ಹೊಟ್ಟೆ ತುಂಬ ತಿನ್ನು, ನಿದ್ದೆ ಮಾಡು, ನೋವಾದರೆ ನೋವು ಅನ್ನು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಿನ್ನ ಮುಂದೆ ಬರುವ ಬೌಲರುಗಳ ತೋಳು ಸೋಲಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಇನ್ನೂ ಹತ್ತು ನಿಮಿಷ ಇದೆ.

ಶುಕ್ರವಾರ ಬರೆದ ಉತ್ತರ ಉತ್ತರವಲ್ಲ. ಆ ಬ್ಯಾಟಿನ ಹಿಡಿಕೆ ನೋಡಿ ನಿನ್ನ ಬೆರಳು ಹೋಗಿದೆ ಅಂತ ತಿಳಿದಾಗ ನನಗೆ ಮೊದಲು ಆದದ್ದು ಗಾಬರಿಯಲ್ಲ. ಸಮಾಧಾನ. ಇವನಿಗೂ ಇನ್ನು ಯಾರಾದರೂ "ಸಾಕು ಮಗಾ" ಅನ್ನುತ್ತಾರೆ ಅಂತ. ಒಂದು ಉಸಿರಿನಷ್ಟು ಹೊತ್ತೂ ಇರಲಿಲ್ಲ, ಆದರೆ ಇತ್ತು, ಅದು ನನ್ನದೇ. ಅದರ ಹಿಂದೆಯೇ ಗಾಬರಿ ಬಂತು. ಹತ್ತು ದಿನ ಫೋನ್ ಕೈಗೆತ್ತಿಕೊಂಡೆ, ಹತ್ತು ದಿನವೂ ಇಟ್ಟೆ. ಮಾತಾಡಿದರೆ ನನ್ನ ದನಿಯಲ್ಲಿ ಅದು ನಿನಗೆ ಕೇಳಿಸಿಬಿಡುತ್ತದೆ ಅಂತ ಹೆದರಿದೆ. ನಿನಗೆ ಹೇಳಬೇಕಾದದ್ದನ್ನು ಹೇಳಲಾರದೆ ಚೀಟಿಯಲ್ಲಿ ಬರೆದೆ. ನೀನು ಮುರಿದ ಬೆರಳಿನಲ್ಲೇ ಹೋಗಿ ಆಡಿದೆ.

ನೀನು ಫೋನಿನಲ್ಲಿ ಅಂದದ್ದು ಸುಳ್ಳಲ್ಲ, ಗೂಟಾ. ಇವತ್ತು ಬೆಳಗ್ಗೆಯಿಂದ ನಿನ್ನ ಒಂದೊಂದು ಚೆಂಡಿಗೂ ನಾನು ಉಸಿರು ಹಿಡಿದಿದ್ದೇನೆ, ಅದೂ ಸುಳ್ಳಲ್ಲ. ಎರಡೂ ನನ್ನೊಳಗೇ ಇವೆ. ನೀನು ಔಟಾಗುವ ಮೊದಲು ಇದನ್ನು ನಾನು ಪೋಸ್ಟಿಗೆ ಹಾಕಿಬಿಡಬೇಕು.